ಕತ್ತರಿ ಮಾವನ ಮರಿಗಳು
ಕ್ಷೌರದಂಗಡಿಯ ಬೆಂಚಿನಡಿ ಬೀದಿನಾಯಿ ಹೇಳದೆ ಕೇಳದೆ ಮರಿ ಹಾಕಿದಂದಿನಿಂದ ಕತ್ತರಿ ಮಾವನ ಕಣ್ಣಿಗೆ ಗಿರಾಕಿಗಳೆಲ್ಲ ಬೀಗರೇ. ಮುಖಕ್ಕೆ ನೊರೆ ಬಳಿದು, ಎದ್ದು ಓಡಲಾಗದ ಹೊತ್ತು ನೋಡಿ ಮಡಿಲಿಗೊಂದು ಮರಿ ಇಳಿಸುತ್ತಾನೆ. "ಬಾಲ ನೋಡಿ ಸ್ವಾಮಿ, ಮನೇಲಿ ಫ್ಯಾನೇ ಬೇಡ!" "ಇದರಪ್ಪ ಯಾರಯ್ಯಾ?" ಎಂದರೆ, "ಒಬ್ಬನ ಹೆಸರು ಹೇಳಿದ್ರೆ ಬೀದೀಲಿ ಮಿಕ್ಕವರಿಗೆ ಬೇಜಾರಾಗುತ್ತೆ" ಎನ್ನುತ್ತಾನೆ. ಆದರೆ ಮರಿ ಮಡಿಲೇರಿದಾಗ ಕತ್ತಿಯಡಿ ದವಡೆ ಬಿಗಿದವರಿಗೆ, ಕಾಲು ಹಿಡಿದರೂ ಮರಿ ಕೊಡುವವನಲ್ಲ. ಯಾರಿಗೂ ಬೇಡವಾಗಿ ಕೊನೆಗುಳಿದದ್ದು ಕುಂಟು ಮರಿ. ಅದನ್ನು ಮಡಿಲಲ್ಲಿ ಕಂಡದ್ದೇ ಸಿಡುಕು ಮೇಷ್ಟ್ರು ಗದರಿದರು: "ನಂಗೆ ನಾಯಿ ಅಂದ್ರೆ ಆಗಲ್ಲ, ತೆಗಿಯೋ!" ಮಾವ ಕತ್ತಿ ತಡೆದು ಅವರ ಗಲ್ಲ ಮುಟ್ಟಿ ನೋಡಿದ. "ಬಾಯಿ ಬೇಡ ಅಂತಿದೆ ಮೇಷ್ಟ್ರೇ, ಕೆನ್ನೆ ಬೆಣ್ಣೆಯಾಗಿದೆ." ಮೇಷ್ಟ್ರು ಕೆಮ್ಮಿದರು. "ಬೇಗ ಮುಗಿಸಯ್ಯಾ, ಇದಕ್ಕೆ ಹಸಿವಾಗಿರಬೇಕು."