ಬಿದ್ದ ಮೇಲೆ ಹಾಕಿದ ಬಲ್ಬ್

ಲಲಿತಕ್ಕ ಮೆಟ್ಟಿಲ ಬುಡದಲ್ಲಿ ಬಿದ್ದು ನರಳುತ್ತಿದ್ದರು. ಓಡಿ ಬಂದ ಕಟ್ಟಡದ ಮಾಲಕರು ಅವರನ್ನು ಎತ್ತಲಿಲ್ಲ. ಅವರನ್ನು ದಾಟಿ ನಾಲ್ಕು ಮೆಟ್ಟಿಲು ಹತ್ತಿ, ಕಿಸೆಯಿಂದ ಹೊಸ ಬಲ್ಬ್ ತೆಗೆದು ಖಾಲಿ ಹೋಲ್ಡರಿಗೆ ಸಿಕ್ಕಿಸಿದರು.

ಇದು ಕುಂಬ್ರ ಪೇಟೆಯಲ್ಲಿ, ಸಂಜೆ ಏಳರ ಹೊತ್ತಿಗೆ ನಾನೇ ಕಂಡದ್ದು. ಲಲಿತಕ್ಕ ಆ ಕಟ್ಟಡದ ಮಹಡಿಯಲ್ಲಿ ಬಾಡಿಗೆಗೆ ಹೊಲಿಗೆ ಅಂಗಡಿ ನಡೆಸುವವರು. ಮೆಟ್ಟಿಲಿಗೆ ಬಲ್ಬ್ ಹಾಕಿಸಿ ಎಂದು ಮಳೆಗಾಲಕ್ಕೆ ಮೊದಲೇ ಹೇಳಿದ್ದರಂತೆ. ರವಿಕೆ ತರಲು ಹೋಗಿದ್ದ ನಾನು ಅವರ ಹಿಂದೆಯೇ ಗೋಡೆ ಹಿಡಿದು ಇಳಿಯುತ್ತಿದ್ದೆ.

“ನೋಡಿ ಮಾರಾಯ್ರೆ, ಲೈಟ್ ಉಂಟು. ಲೈಟ್ ಇಲ್ಲ ಅಂತ ನಾಳೆ ಯಾರೂ ಹೇಳುದು ಬೇಡ” ಎಂದರು ಮಾಲಕರು, ನನ್ನನ್ನೇ ನೋಡುತ್ತಾ.

ಲಲಿತಕ್ಕನ ಬಲ ಮಣಿಕಟ್ಟು ಹಿಂದಕ್ಕೆ ತಿರುಚಿಕೊಂಡಿದ್ದು ನನಗೆ ಕಂಡದ್ದು ಆ ಬೆಳಕಿನಲ್ಲೇ. ಅವರು ಹಲ್ಲು ಕಚ್ಚಿಕೊಂಡು ಹೇಳಿದರು: “ಈಗ ಉಂಟು. ನಾನು ಬೀಳುವಾಗ ಅಲ್ಲಿ ಎಂತ ಇತ್ತು, ನಿಮ್ಮ ಮಂಡೆಯಾ?”

ಮರುದಿನ ಆಸ್ಪತ್ರೆಗೆ ಬಂದ ಪೊಲೀಸರು ನನ್ನಲ್ಲಿ ಮೊದಲು ಕೇಳಿದ್ದು, “ಮೆಟ್ಟಿಲಲ್ಲಿ ಲೈಟ್ ಉಂಟಾ?” ಎಂದು. ಬೆಳಕು ಇರಲಿಲ್ಲವೆಂದಾದರೆ ಬಿದ್ದದ್ದರ ಹೊಣೆ ಮಾಲಕರದು. ಆದರೆ ಈಗ ‘ಉಂಟು’ ಎಂದರೂ ಅದು ಸುಳ್ಳಲ್ಲ. ನಾನು ‘ಉಂಟು’ ಎಂದು ನಿಲ್ಲಿಸಲಿಲ್ಲ. ಲಲಿತಕ್ಕ ಬಿದ್ದ ಮೇಲೆ ಮಾಲಕರು ಹಾಕಿದ ಬಲ್ಬ್ ಅದು ಎಂದು ಬರೆಸಿ ಸಹಿ ಮಾಡಿದೆ. ಪಕ್ಕದ ಮಂಚದಲ್ಲಿ, ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಲಲಿತಕ್ಕ ತಮ್ಮ ಹೇಳಿಕೆಗೆ ಎಡಗೈಯ ಹೆಬ್ಬೆಟ್ಟು ಒತ್ತಿದರು.