ಪ್ರಸಾದ ತಡೆದ ಕೈ

ಕಾರ್ತಿಕದ ಕೊನೆಯ ಶನಿವಾರದ ಮರುದಿನ ನಮ್ಮ ನಾಯಿ ಭೀಮ ವಾಂತಿ ಶುರುಮಾಡಿದ. ಸೋಮವಾರದ ಹೊತ್ತಿಗೆ ಉಚ್ಚೆಯೂ ಹನಿ ಹನಿ. ನಾವು ಧಾರವಾಡದವರು, ಯಜಮಾನರ ಬ್ಯಾಂಕಿನ ವರ್ಗಾವಣೆಯಿಂದ ವಿಶಾಖಪಟ್ಟಣದ ಪೆಂದುರ್ತಿಯಲ್ಲಿದ್ದೇವೆ. ಮಕ್ಕಳಿಲ್ಲದ ನನಗೆ ಭೀಮನೇ ಮಗ, ಹಾಗೆ ಹೇಳಲು ನಾಚಿಕೆಯಿಲ್ಲ.

ಅಲ್ಲಿನ ಪಶುವೈದ್ಯರು ರಕ್ತ ಪರೀಕ್ಷಿಸಿ, ಕಿಡ್ನಿ ಕೈಕೊಡುತ್ತಿದೆ, ಕಾರಣ ತಿಳಿಯುತ್ತಿಲ್ಲ, ವಿಜಯವಾಡದಲ್ಲಿ ಇದಕ್ಕೆಂದೇ ಓದಿದ ತಜ್ಞರಿದ್ದಾರೆ, ಕೂಡಲೇ ಹೊರಡಿ ಎಂದರು. ಏನು ತಿನ್ನಿಸಿದಿರಿ ಎಂದು ಕೇಳಿದ್ದಕ್ಕೆ, ಮೊಸರನ್ನ ಬಿಟ್ಟು ಏನೂ ಇಲ್ಲ ಎಂದೆ. ಮತ್ತೆ ಮತ್ತೆ ಕೇಳಿದಾಗ ರೇಗಿಯೂಬಿಟ್ಟೆ. ನನ್ನ ಬಾಯಿ ಅಂಥದು.

ಮರುದಿನ ಬೆಳಿಗ್ಗೆಯೇ ಕಾರಿನಲ್ಲಿ ಹೊರಟೆವು. ಅನಕಾಪಲ್ಲಿ ಬಳಿ ಬೆಲ್ಲದ ಲಾರಿಗಳ ನಡುವೆ ಸಿಕ್ಕಿಕೊಂಡೆವು. ಹಿಂದೆ ಹೋಗುವಂತಿಲ್ಲ, ಮುಂದೆ ಹೋಗುವಂತಿಲ್ಲ. ತೊಡೆಯ ಮೇಲೆ ಭೀಮನ ತಲೆ. ಗಾಜು ಇಳಿಸಿದರೂ ಉಸಿರು ಕಟ್ಟುತ್ತಿತ್ತು.

"ಹನುಮಪ್ಪಾ, ನನಗ ಏನೂ ತಿಳೀವಲ್ದು, ನೀನ ದಾರಿ ತೋರಸು" ಎಂದು ಅತ್ತೆ.

"ಅಳಬ್ಯಾಡ, ನಿನ್ನ ನೋಡಿ ಅದು ಹೆದರತದ" ಎಂದರು ಯಜಮಾನರು.

ವಿಜಯವಾಡದ ತಜ್ಞರು ಕರ್ನಾಟಕದಲ್ಲಿ ಓದಿದವರು, ತೆಲುಗು ಬೆರೆಸಿ ಕನ್ನಡ ಆಡುವವರು. ಅವರದೂ ಅದೇ ಪ್ರಶ್ನೆ, ನನ್ನದೂ ಅದೇ ಉತ್ತರ. ಅವರು ಡ್ರಿಪ್ ಹಾಕಲು ಅಣಿಯಾಗುತ್ತಿದ್ದಂತೆ ನಾನು ಪರ್ಸಿನಿಂದ ಪೊಟ್ಟಣ ತೆಗೆದು, ಚಿಟಿಕೆಯಷ್ಟನ್ನು ಭೀಮನ ಬಾಯಿಗೆ ಒಯ್ದೆ. ಅವರು ಥಟ್ಟನೆ ನನ್ನ ಮಣಿಕಟ್ಟು ಹಿಡಿದರು.

"ಏನಂಡಿ ಅದು?"

"ಹನುಮಪ್ಪನ ಪ್ರಸಾದ ರೀ. ಒಣದ್ರಾಕ್ಷಿ, ಕಲ್ಲುಸಕ್ಕರಿ."

"ಇದನ್ನ ಮೊದಲೂ ಕೊಟ್ಟಿದ್ರಾ?"

"ಶನಿವಾರ ಒಂದು ಮುಷ್ಟಿ..."

"ಅಮ್ಮಾ, ದ್ರಾಕ್ಷಿ ನಾಯಿಗೆ ವಿಷ. ಕಿಡ್ನಿ ಕೆಟ್ಟಿರೋದು ಅದ್ರಿಂದಾನೇ."

ನಾನು ಸುಳ್ಳು ಹೇಳಿರಲಿಲ್ಲ. ಪ್ರಸಾದವನ್ನು ನಾವು ಯಾರಾದರೂ ತಿಂಡಿ ಎನ್ನುತ್ತೇವೆಯೇ? "ನಾನ ಕೊಂದೆ" ಎಂದು ಅಲ್ಲೇ ಗೋಳಾಡಿದೆ.

"ಇನ್ನೂ ಬದುಕಿದಾನಮ್ಮಾ" ಎಂದರು ಅವರು. "ಡಾಕ್ಟರಾದ ಮೇಲೂ ಮತ್ತೆ ಎರಡು ವರ್ಷ ಇದನ್ನೇ ಓದಿದೆ. ನಮ್ಮ ಸಾರ್ ಹೇಳ್ತಿದ್ರು, ಪೇಷೆಂಟಿಗೆ ಮಾತು ಬರಲ್ಲ, ಮನೆಯವರ ಕೈ ನೋಡ್ತಾ ಇರು ಅಂತ."

ಕಾರಣ ಸಿಕ್ಕಿತು, ಚಿಕಿತ್ಸೆ ಸಾಗಿತು. ಆಸ್ಪತ್ರೆಯ ಕಿಟಕಿಯಿಲ್ಲದ ಕೋಣೆಯಲ್ಲಿ ನಾನೂ ಭೀಮನೂ ಒಂದೇ ಸರಪಳಿಗೆ ಕಟ್ಟಿದವರ ಹಾಗೆ ಬಿದ್ದುಕೊಂಡಿದ್ದೆವು. ನಾಲ್ಕನೆಯ ದಿನ ಅವನು ಎದ್ದು ನಿಂತು, ಡಾಕ್ಟರ ಬೂಟಿನ ಮೇಲೇ ಧಾರಾಳವಾಗಿ ಉಚ್ಚೆ ಹೊಯ್ದ. ನಾನು ಆ ಒದ್ದೆ ನೆಲಕ್ಕೇ ಸಾಷ್ಟಾಂಗ ಹಾಕಿದೆ.

ಈಗಲೂ ಶನಿವಾರ ದ್ರಾಕ್ಷಿಯ ನೈವೇದ್ಯ ಉಂಟು. ಭೀಮನಿಗೆ ಮಾತ್ರ ಬಾಳೆಹಣ್ಣಿನ ಚೂರು. ಭಕ್ತ ಬಂಧುಗಳೇ, ಮನೆಯಲ್ಲಿ ನಾಯಿಯಿದ್ದರೆ ದಯವಿಟ್ಟು ನೆನಪಿಡಿ. ದಾರಿ ತೋರಿಸು ಎಂದು ನಾನು ಬೇಡಿದ್ದೆ. ಸ್ವಾಮಿ ನನ್ನ ಕೈಯನ್ನೇ ತೋರಿಸಿದ.