ಸಾವಿನ ಮನೆಗೆ ಮೊದಲ ತುತ್ತು

ಬೆಳಗಿನ ಐದೂವರೆ. ಪ್ಲಾಟ್ಕಿನ್ ಡೆಲಿ ಎಂಬ ಯಹೂದಿ ತಿಂಡಿ ಅಂಗಡಿಯ ಬಾಗಿಲಿಗೆ 'ಇಂದು ರಜೆ' ಎಂಬ ಬೋರ್ಡು ತೂಗುಬಿದ್ದಿದೆ. ಹಿಂಬದಿಯ ಅಡುಗೆಮನೆಗೆ ಮಾತ್ರ ರಜೆಯಿಲ್ಲ. ಮರ್ನಾ ಗೆಲ್ಫಾಂಡ್ ದೊಡ್ಡ ಪಾತ್ರೆಯಲ್ಲಿ ಮೊಟ್ಟೆ ಬೇಯಲು ಇಟ್ಟು, ಪಕ್ಕದ ಒಲೆಯ ಮೇಲೆ ಬೇಳೆ ತಿರುವುತ್ತಿದ್ದಾರೆ. ಗೋಡೆಯ ಮೊಳೆಗೆ ಅವರ ಕಪ್ಪು ಕೋಟು ನೇತಾಡುತ್ತಿದೆ. ಅಂಗಡಿಯ ಯಜಮಾನ ಸೋಲ್ ಪ್ಲಾಟ್ಕಿನ್ ಅವರ ಹೆಂಡತಿ ಬರ್ನೀಸ್ ನಿನ್ನೆ ತೀರಿಕೊಂಡರು. ಒಂಬತ್ತಕ್ಕೆ ಮಣ್ಣು ಮಾಡುತ್ತಾರೆ.

ಈ ಕಾಲೇಜು ಊರಿನಲ್ಲಿ ಪ್ಲಾಟ್ಕಿನ್ ಗೊತ್ತಿಲ್ಲದವರಿಲ್ಲ. ಮಸಾಲೆ ಹಚ್ಚಿ ಹೊಗೆಗಿಟ್ಟ ಮಾಂಸದ ಸ್ಯಾಂಡ್‌ವಿಚ್ಚಿಗಾಗಿ ಹುಡುಗರು ಹಿಮದಲ್ಲೂ ಸಾಲು ನಿಲ್ಲುತ್ತಾರೆ. ಪದವಿ ಪಡೆದು ಊರು ಬಿಟ್ಟವರು ಮತ್ತೆ ಬಂದಾಗ ಮೇಷ್ಟ್ರುಗಳನ್ನು ನೋಡದಿದ್ದರೂ ಇಲ್ಲಿಗೆ ಬಂದು ಸೂಪು ಕುಡಿದು ಹೋಗುತ್ತಾರೆ. ಮೇಷ್ಟ್ರಾದ ನನ್ನ ಹೊಟ್ಟೆಯನ್ನು ಅದು ಸಾಕಷ್ಟು ಉರಿಸಿದೆ. ಗೋಡೆಯ ತುಂಬ ಆ ಹಳೆಯ ಹುಡುಗರೊಂದಿಗೆ ಸೋಲ್ ನಗುತ್ತಿರುವ ಫೋಟೋಗಳು. ಆ ಸೂಪು ಮಾಡಿದ ಮರ್ನಾ ಒಂದರಲ್ಲೂ ಇಲ್ಲ. ಕರೆದರೆ, ಕೈ ತೊಳೆದು ಬರುವಷ್ಟರಲ್ಲಿ ಫೋಟೋ ತೆಗೆದಾಗಿರುತ್ತದೆ ಎನ್ನುತ್ತಾರೆ.

ಎಪ್ಪತ್ತು ದಾಟಿದ ಮರ್ನಾ ಇಲ್ಲಿಗೆ ಬಂದದ್ದು ಚಿಕ್ಕ ವಯಸ್ಸಿನ ವಿಧವೆಯಾಗಿ. ಗಂಡ ಲಿಯಾನ್ ಕಾಲೇಜಿನ ಟೈಪ್‌ರೈಟರುಗಳನ್ನು ರಿಪೇರಿ ಮಾಡುತ್ತಿದ್ದ. ಒಂದು ದಿನ ಕೆಲಸದ ಮೇಜಿನ ಮೇಲೆ ತಲೆಯಿಟ್ಟವನು ಮತ್ತೆ ಏಳಲಿಲ್ಲ. ಅವನನ್ನು ಮಣ್ಣು ಮಾಡಿ ಬಂದ ಮಧ್ಯಾಹ್ನ ಮರ್ನಾಗೆ ಪರಿಚಯವೇ ಇಲ್ಲದ ಹೆಂಗಸೊಬ್ಬರು ತಟ್ಟೆ ಹಿಡಿದು ಮನೆಯೊಳಗೆ ಬಂದರು. ಅವರೇ ಬರ್ನೀಸ್.

"ಏನೂ ಮಾತಾಡ್ಲಿಲ್ಲ ಅವಳು. ಮೊಟ್ಟೆ ಸುಲಿದು ನನ್ನ ಕೈಗಿಟ್ಟಳು. ನಾನು ತಿನ್ನೋವರೆಗೂ ಕೂತಿದ್ದಳು. ಮುಂದಿನ ವಾರ ನಾನೇ ಹೋಗಿ ಕೆಲಸ ಕೊಡ್ತೀಯಾ ಅಂತ ಕೇಳ್ದೆ," ಎನ್ನುತ್ತಾರೆ ಮರ್ನಾ.

ಯಹೂದಿಗಳಲ್ಲಿ ಮಣ್ಣು ಮಾಡಿ ಬಂದ ಮನೆಯವರು ಮೊದಲ ಊಟಕ್ಕೆ ತಮ್ಮ ಮನೆಯದ್ದನ್ನು ಉಣ್ಣುವಂತಿಲ್ಲ. ಬೇರೆಯವರು ತಂದುಕೊಡಬೇಕು. ದುಂಡಗಿನ ಮೊಟ್ಟೆ, ದುಂಡಗಿನ ಬೇಳೆ, ಬಳೆಯಂಥ ಬೇಗಲ್ ರೊಟ್ಟಿ, ಬದುಕಿನ ಚಕ್ರದ ನೆನಪಿಗೆ ಎಲ್ಲವೂ ದುಂಡು. ಇಷ್ಟೇ. ಬರ್ನೀಸರ ಮಂಡಿ ಕೈಕೊಟ್ಟ ಮೇಲೆ ಊರಿನ ಸಾವಿನ ಮನೆಗಳಿಗೆಲ್ಲ ಈ ತಟ್ಟೆ ಮಾಡುವವರು ಮರ್ನಾ. ಎಷ್ಟು ಮನೆಗೆ ಕಳಿಸಿದ್ದೀರಿ ಎಂದರೆ, ಅದನ್ನೆಲ್ಲ ಲೆಕ್ಕ ಇಡುತ್ತಾರೇನ್ರೀ ಎಂದು ನನ್ನನ್ನೇ ಗದರುತ್ತಾರೆ. ತಟ್ಟೆ ಮಾಡತೊಡಗಿದ ಮೇಲೆ ಒಂದು ಸಲವೂ ಸ್ಮಶಾನಕ್ಕೆ ಹೋಗಿಲ್ಲ. ಅಲ್ಲಿ ಮಣ್ಣು ಬೀಳುವ ಹೊತ್ತಿಗೆ ಇವರು ಇಲ್ಲಿ ಒಲೆಯ ಮುಂದೆ ಇರಬೇಕಲ್ಲ. ಇವತ್ತು ಮಾತ್ರ ಎಲ್ಲವನ್ನೂ ಬೇಗ ಮುಗಿಸಿ ಹೋಗಿಯೇ ಹೋಗುತ್ತೇನೆ ಎಂದು ಕೋಟು ತಂದಿದ್ದಾರೆ. ಕರೆದೊಯ್ಯಲು ನಾನು ಕಾರು ತಂದಿದ್ದೇನೆ.

ಏಳು ಗಂಟೆಯಿಂದ ಫೋನು ಬಡಿದುಕೊಳ್ಳುತ್ತಿದೆ. ಸೋಲ್ ಮನೆಗೆ ಕಳಿಸಲು ಒಬ್ಬರಿಗೆ ಸೂಪು ಬೇಕು, ಇನ್ನೊಬ್ಬರಿಗೆ ಮೀನು. ಕೌಂಟರಿನಲ್ಲಿ ಮಾಂಸ ಕತ್ತರಿಸುವ ಆರ್ನಿ ನಾಲ್ಕೈದು ಫೋನು ತೆಗೆದುಕೊಂಡು, ಕೊನೆಗೆ ರಿಸೀವರ್ ಪಕ್ಕಕ್ಕಿಟ್ಟು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಮರ್ನಾ, ಈ ಮೊಟ್ಟೆ ಯಾರದ್ದು?"

"ಸೋಲ್‌ಗೆ ಕಣೋ. ಇನ್ಯಾರಿಗೆ?"

"ಯಾರಿಗೆ ಅಂತ ಕೇಳ್ಲಿಲ್ಲ. ಯಾರದ್ದು ಅಂದೆ."

ಮರ್ನಾ ಸೌಟನ್ನು ಕೆಳಗಿಟ್ಟರು. ಮೊಟ್ಟೆ ಸೋಲ್ ಅವರದು. ಬೇಳೆ, ನೀರು, ಒಲೆ, ಎಲ್ಲವೂ ಸೋಲ್ ಅವರದೇ. ಊರಿಗೆ ಊರೇ ಅವರ ಅಡುಗೆಮನೆಯಿಂದ ಅವರ ಮನೆಗೇ ಊಟ ಕಳಿಸಲು ಹೊರಟಿದೆ. ಇಷ್ಟು ವರ್ಷ ಸಾವಿನ ಊಟವೆಂದರೆ ಪ್ಲಾಟ್ಕಿನ್‌ಗೆ ಫೋನು ಮಾಡುವುದು ಎಂದು ಎಲ್ಲರೂ ರೂಢಿ ಮಾಡಿಕೊಂಡಿದ್ದಾರೆ. ಸೌದೆ ಒಲೆಯ ಕಾಲದಿಂದ ಬಂದ ಪದ್ಧತಿ ಇವತ್ತು ತಪ್ಪಿದರೆ ತಪ್ಪುವುದು ಬರ್ನೀಸರ ಮನೆಯಲ್ಲೇ.

ಕಾಸು ಕೊಟ್ಟು ಕೊಂಡುಬಿಡು, ಆಗ ನಿನ್ನದಾಗುತ್ತೆ ಎಂದರು ಆರ್ನಿ. ಮರ್ನಾ ಒಪ್ಪಲಿಲ್ಲ. "ಅವಳು ನನ್ನ ಮನೆಗೆ ಬಂದಾಗ ಹೀಗೆ ಜಾಣತನ ಮಾಡಿರ್ಲಿಲ್ಲ."

ಒಲೆ ಆರಿಸಿ, ಕೋಟು ಹಾಕಿಕೊಂಡು ಹೊರಟರು. ಸ್ಮಶಾನದ ಕಡೆಗಲ್ಲ. ನಾನು ನನ್ನ ಕಾರಿನಲ್ಲಿ ಕರೆದೊಯ್ದೆ. ಸೂಪರ್‌ಮಾರ್ಕೆಟ್ಟಿನ ಬಾಗಿಲು ತೆರೆದದ್ದು ಎಂಟಕ್ಕೆ. ಅಲ್ಲಿ ಮೊಟ್ಟೆ, ಬೇಳೆ, ಪ್ಲಾಸ್ಟಿಕ್ ಚೀಲದ ಬೇಗಲ್. ಆ ಚೀಲವನ್ನು ಹಿಡಿಯುವಾಗ ಅವರ ಮುಖ ನೋಡಬೇಕಿತ್ತು. ಅಲ್ಲಿಂದ ಅವರ ಒಂದು ಕೋಣೆಯ ಮನೆಗೆ. ಮೂರು ಹೊತ್ತೂ ಡೆಲಿಯಲ್ಲೇ ಉಣ್ಣುವವರ ಮನೆಯಲ್ಲಿ ಪಾತ್ರೆ ಎಲ್ಲಿರುತ್ತದೆ? ಲಿಯಾನ್ ಕಾಲದ ಒಂದು ಬೋಗುಣಿ ಸಿಕ್ಕಿತು. ಅದರಲ್ಲಿ ಮೊದಲು ಮೊಟ್ಟೆ, ಆಮೇಲೆ ಬೇಳೆ ಬೇಯಬೇಕು. ಒಂಬತ್ತಕ್ಕೆ ಮರ್ನಾ ಕಿಟಕಿಯ ಕಡೆ ತಿರುಗಿ ನಿಂತರು. ಈಗ ಅವಳನ್ನ ಮಣ್ಣಿಗಿಳಿಸ್ತಾರೆ ಎಂದರು. ಬೇಳೆ ಇನ್ನೂ ಗಟ್ಟಿಯಾಗಿತ್ತು.

ಸೋಲ್ ಮನೆಯ ಬಾಗಿಲು ತೆರೆದೇ ಇದೆ. ದುಃಖದ ಮನೆಯಲ್ಲಿ ಯಾರೂ ಬಾಗಿಲು ತಟ್ಟುವುದಿಲ್ಲ. ದುಃಖದಲ್ಲಿರುವವರು ಮಾತಾಡುವವರೆಗೆ ಯಾರೂ ಬಾಯಿ ಬಿಡುವುದಿಲ್ಲ. ಮಕ್ಕಳಿಲ್ಲದ ಸೋಲ್ ಒಬ್ಬರೇ ಗಿಡ್ಡ ಸ್ಟೂಲಿನ ಮೇಲೆ ಕೂತಿದ್ದಾರೆ. ಕೋಟಿನ ಎದೆಯ ಬಳಿ ಶಾಸ್ತ್ರದಂತೆ ಹರಿದಿದೆ. ನಿನ್ನೆಯಿಂದ ನೀರು ಬಿಟ್ಟು ಬೇರೇನೂ ಮುಟ್ಟಿಲ್ಲವಂತೆ. ಮರ್ನಾ ಮೊಟ್ಟೆ ಸುಲಿದು ಕೈಗಿಟ್ಟರು. ಅವರು ನಿಧಾನವಾಗಿ ತಿಂದರು. ಬೇಳೆ ತಿಂದರು. ಬೇಗಲ್ ಕಚ್ಚಿ, ಬಹಳ ಹೊತ್ತು ಅಗಿದು, ತಲೆಯೆತ್ತಿದರು.

"ಇದನ್ನ ಎಲ್ಲಿಂದ ತಂದೆ?"

"ಕೇಳಬೇಡ."

"ನಮ್ಮದಲ್ಲ."

"ನಿನ್ನದಾಗಿದ್ರೆ ನಿನಗೆ ಕೊಡೋ ಹಾಗಿಲ್ವಲ್ಲಪ್ಪ."

ಸೋಲ್ ಅವರಿಗೆ ಆಗ ಅರ್ಥವಾಯಿತು. ಕೈಯಲ್ಲಿದ್ದ ತುಂಡನ್ನೇ ನೋಡುತ್ತ ಕೂತರು. ಅಲ್ಲಿ ನೀನು ಕಾಣಲಿಲ್ಲ, ಎಲ್ಲರೂ ಮಣ್ಣು ಹಾಕಿದರು, ನಿನಗಾಗಿ ಸನಿಕೆ ಹಿಡಿದು ಕಾದೆ ಎಂದರು. ಬೇಳೆ ಬೆಂದಿರಲಿಲ್ಲ ಎಂದರು ಮರ್ನಾ. ಬೆಳಗಿನಿಂದ ಮೊದಲ ಸಲ ಅವರು ಅತ್ತರು.

ಸೋಲ್ ಪಕ್ಕದ ಗಿಡ್ಡ ಸ್ಟೂಲನ್ನು ಕಾಲಿನಿಂದ ಎಳೆದು, ಕೂತುಕೋ ಎಂದರು. ಮರ್ನಾ ಹಿಂಜರಿದರು. ಆ ಸ್ಟೂಲು ಗಂಡ ಹೆಂಡತಿ, ತಂದೆತಾಯಿ, ಮಕ್ಕಳು, ಒಡಹುಟ್ಟಿದವರಿಗೆ ಮಾತ್ರ. ಜೀವಮಾನವೆಲ್ಲ ಜೊತೆಗಿದ್ದ ಗೆಳತಿಗೆ ಶಾಸ್ತ್ರದಲ್ಲಿ ಸ್ಟೂಲಿಲ್ಲ, ತಟ್ಟೆಯೂ ಇಲ್ಲ.

"ನನಗಿಂತ ಹೆಚ್ಚು ಮಾತು ನಿನ್ನ ಹತ್ರಾನೇ ಆಡಿದ್ದಾಳೆ. ಕೂತ್ಕೋ," ಎಂದರು ಸೋಲ್.

ಮರ್ನಾ ಕೂತರು. ಸೋಲ್ ಉಳಿದ ಬೇಗಲ್ಲನ್ನು ಮುರಿದು ಅರ್ಧ ಚಾಚಿದರು. ಇದು ನಾನೇ ತಂದದ್ದು, ನಾನು ತಿನ್ನುವಂತಿಲ್ಲ ಎಂದರು ಮರ್ನಾ.

"ನೀನು ಕೊಟ್ಟಾಯ್ತು. ಈಗ ಇದು ನನ್ನದು. ನಾನು ನಿನಗೆ ಕೊಡ್ತಿದೀನಿ."

ನಾನು ಹೊರಗೆ ಬಂದು ಕಾರಿನ ಗಾಜಿನ ಮೇಲಿನ ಹಿಮ ಕೆರೆಯುತ್ತ ನಿಂತೆ. ಒಳಗೆ ನಿಲ್ಲಲು ಆಗಲಿಲ್ಲ. ಬಹಳ ಹೊತ್ತಿನ ಮೇಲೆ ಮರ್ನಾ ಖಾಲಿ ತಟ್ಟೆಯನ್ನು ಎದೆಗವಚಿಕೊಂಡು ಬಂದು ಕಾರಿನಲ್ಲಿ ಕೂತರು. ನಿಮ್ಮ ಬಗ್ಗೆ ಪತ್ರಿಕೆಗೆ ಬರೆಯುತ್ತೇನೆ, ಕೊನೆಗೆ ಏನು ಬರೆಯಲಿ ಎಂದು ಕೇಳಿದೆ.

"ಬೇಗಲ್ ತೀರಾ ಕೆಟ್ಟದಾಗಿತ್ತು ಅಂತ ಬರೀರಿ," ಎಂದರು. ಕಾರು ತಿರುವು ದಾಟಿದ ಮೇಲೆ ಮತ್ತೆ ಹೇಳಿದರು: "ಇಬ್ಬರೂ ಚೂರೂ ಬಿಡದೆ ತಿಂದ್ವಿ ಅಂತಾನೂ ಬರೀರಿ."